ದೇವಶಾಸ್ತ್ರ ಓದಲು ಹೊರಟವರಿಗೆ: ಸಭೆಯಿಂದ ಸೆಮಿನರಿಗೆ, ಸೆಮಿನರಿಯಿಂದ ಸಭೆಗೆ

ಪದವಿ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ನನಗೆ ಫೋನುಗಳು ಶುರುವಾಗುತ್ತವೆ. "ಅಯ್ಯಾ, ನಮ್ಮ ಹುಡುಗನಿಗೆ ಸೇವೆಗೆ ಹೋಗ್ಬೇಕಂತೆ. ಯಾವ ಕಾಲೇಜು ಒಳ್ಳೇದು?" ಸೇವೆ ಅಂದರೆ ಚರ್ಚಿನ ಸಭಾಪಾಲಕರಾಗುವುದು, ಕಾಲೇಜು ಅಂದರೆ ಅದಕ್ಕೆ ಓದಿಸುವ ದೇವಶಾಸ್ತ್ರ ಕಾಲೇಜು, ಸೆಮಿನರಿ. ಪ್ರೀತಿಯಿಂದ ಕೇಳುವ ಪ್ರಶ್ನೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ಆದರೆ ಇದು ಮೂರನೆಯದಾಗಿ ಕೇಳಬೇಕಾದ ಪ್ರಶ್ನೆ. ನಿಮ್ಮನ್ನು ಯಾರು ಕಳುಹಿಸುತ್ತಿದ್ದಾರೆ ಎನ್ನುವುದು ಮೊದಲನೆಯದು. ಓದು ಮುಗಿಸಿ ಯಾರ ಬಳಿಗೆ ಮರಳುತ್ತೀರಿ ಎನ್ನುವುದು ಎರಡನೆಯದು. ಈ ಎರಡಕ್ಕೂ ಉತ್ತರ ಸಿಕ್ಕರೆ ಕಾಲೇಜಿನ ಪ್ರಶ್ನೆ ಅರ್ಧ ಬಗೆಹರಿದ ಹಾಗೆಯೇ.

ನನಗೆ ಹತ್ತಿರದಿಂದ ಗೊತ್ತಿರುವುದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತು ಅದರ ನೆರೆಯ ಪ್ರೊಟೆಸ್ಟೆಂಟ್ ಸಭೆಗಳ, ಅಂದರೆ ಚರ್ಚುಗಳ, ಹಾದಿ. ಹಾಗಾಗಿ ಅದನ್ನೇ ಜಾಸ್ತಿ ಬರೆದಿದ್ದೇನೆ. ಕಥೋಲಿಕರ ಹಾದಿ ಬೇರೆ, ಅದಕ್ಕೂ ಸ್ವಲ್ಪ ಜಾಗ ಕೊಟ್ಟಿದ್ದೇನೆ. ದೀಕ್ಷೆ (ಸಭಾಪಾಲಕರಾಗಿ ನೇಮಕ) ಬೇಡ, ಸುಮ್ನೆ ಆಳವಾಗಿ ಓದಬೇಕು ಅನ್ನುವವರಿಗೂ ಇಲ್ಲಿ ಮಾತಿದೆ.

ಮೊದಲ ಹೆಜ್ಜೆ: ಕರೆಯನ್ನು ಸಭೆಯ ಮುಂದೆ ಇಡಿ

"ನನಗೆ ದೇವರ ಕರೆ ಇದೆ" ಎಂದು ಮನಸ್ಸಿನಲ್ಲಿ ಅನ್ನಿಸುವುದು ನಿಜವಾದ ಆರಂಭ. ಆದರೆ ಅದು ಒಬ್ಬರೊಳಗೇ ಉಳಿದರೆ ಬೇಗ ದಾರಿ ತಪ್ಪುತ್ತದೆ. ನಮ್ಮ ಸಭೆಗಳಲ್ಲಿ ಕರೆಯನ್ನು ಪರೀಕ್ಷಿಸುವ ಕೆಲಸ ಸಭೆಯದು. ನೀವು ಬೆಳೆದ ಸಭೆಯ ಜನ ನಿಮ್ಮನ್ನು ಚಿಕ್ಕಂದಿನಿಂದ ನೋಡಿದ್ದಾರೆ. ಭಾನುವಾರ ಶಾಲೆಯಲ್ಲಿ ಕಲಿಸಿದ್ದೀರಾ? ಸತ್ತವರ ಮನೆಯಲ್ಲಿ ರಾತ್ರಿ ಕೂತಿದ್ದೀರಾ? ಜಗಳ ಆದಾಗ ಯಾರ ಕಡೆ ನಿಂತಿರಿ? ಇವೆಲ್ಲ ಅವರಿಗೆ ಗೊತ್ತು. ಯಾವ ಪ್ರವೇಶ ಪರೀಕ್ಷೆಗೂ ಇಷ್ಟು ಗೊತ್ತಾಗುವುದಿಲ್ಲ.

ಹೀಗೆ ಮಾಡಿ. ಮೊದಲು ನಿಮ್ಮ ಅಯ್ಯನವರ (ಸಭಾಪಾಲಕರ) ಜೊತೆ ಒಂಟಿಯಾಗಿ ಮಾತಾಡಿ. ಒಂದು ವರ್ಷ ಅವರ ಜೊತೆ ಓಡಾಡಲು ಅವಕಾಶ ಕೇಳಿ. ಆಸ್ಪತ್ರೆ ಭೇಟಿ, ಮನೆ ಪ್ರಾರ್ಥನೆ, ಸಮಾಧಿ ಮಾಡುವಾಗಿನ ಆರಾಧನೆ, ಲೆಕ್ಕದ ಪುಸ್ತಕ, ಕಮಿಟಿ ಸಭೆ, ಎಲ್ಲ ನೋಡಿ. ಪ್ರಸಂಗ ಪೀಠ ಮಾತ್ರ ನೋಡಿ ಸೇವೆಗೆ ಹೊರಟವರು ಆಮೇಲೆ ಬಹಳ ನೊಂದುಕೊಳ್ಳುತ್ತಾರೆ. ವಾರದ ಆರು ದಿನಗಳ ಕೆಲಸ ಪ್ರಸಂಗದಷ್ಟು ಕಣ್ಣಿಗೆ ಬೀಳುವುದಿಲ್ಲ.

ಆ ವರ್ಷದ ಕೊನೆಗೂ ಮನಸ್ಸು ಹಾಗೆಯೇ ಇದ್ದರೆ, ಸಭಾ ಕಮಿಟಿಯ ಶಿಫಾರಸು ಕೇಳಿ. ಅಲ್ಲಿಂದ ವಿಷಯ ಬಿಷಪ್ ಕಚೇರಿಗೆ ಹೋಗುತ್ತದೆ. ಕರ್ನಾಟಕದಲ್ಲಿ ಸಿ.ಎಸ್.ಐ.ಗೆ ಮೂರು ಸಭಾಪ್ರಾಂತ್ಯಗಳಿವೆ (ಡಯಾಸಿಸ್): ಬೆಂಗಳೂರು ಕೇಂದ್ರವಾದ ಮಧ್ಯ, ಧಾರವಾಡ ಕೇಂದ್ರವಾದ ಉತ್ತರ, ಮಂಗಳೂರು ಕೇಂದ್ರವಾದ ದಕ್ಷಿಣ. ಆಯ್ಕೆಯ ರೀತಿ, ವಯಸ್ಸಿನ ಮಿತಿ, ವರ್ಷಕ್ಕೆ ಎಷ್ಟು ಜನರನ್ನು ಕಳುಹಿಸುತ್ತಾರೆ ಎನ್ನುವುದು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬದಲಾಗುತ್ತದೆ. ಕೇಳಿದ ಮಾತು ನಂಬಬೇಡಿ, ಕಚೇರಿಗೇ ಹೋಗಿ ವಿಚಾರಿಸಿ.

ಪ್ರಾಂತ್ಯ ಕಳುಹಿಸಿದ ವಿದ್ಯಾರ್ಥಿಗೂ ಸ್ವಂತವಾಗಿ ಸೇರಿದ ವಿದ್ಯಾರ್ಥಿಗೂ ತರಗತಿಯಲ್ಲಿ ಭೇದವಿಲ್ಲ. ಓದು ಮುಗಿದ ದಿನ ಭೇದ ಗೊತ್ತಾಗುತ್ತದೆ. ಮೊದಲನೆಯವರಿಗೆ ಕಾಯುತ್ತಿರುವ ಸಭೆ ಇರುತ್ತದೆ. ಎರಡನೆಯವರು ಪದವಿ ಹಿಡಿದುಕೊಂಡು ಬಾಗಿಲು ತಟ್ಟಬೇಕು. ಸ್ವಂತವಾಗಿ ಸೇರುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕೆಲವರಿಗೆ ಬೇರೆ ದಾರಿಯೇ ಇರುವುದಿಲ್ಲ. ಆದರೆ ಕಣ್ಣು ತೆರೆದು ಸೇರಿ, ದೀಕ್ಷೆಯ ಮಾತು ಯಾರೂ ಕೊಟ್ಟಿಲ್ಲ ಎನ್ನುವುದು ನೆನಪಿರಲಿ.

ಎರಡನೇ ಹೆಜ್ಜೆ: ಪದವಿಗಳ ಹೆಸರು ಅರ್ಥ ಮಾಡಿಕೊಳ್ಳಿ

ಇಲ್ಲಿ ಬಹಳ ಜನ ಎಡವುತ್ತಾರೆ. ನಾನೂ ಎಡವಿದೆ. ಬಿ.ಎ. ಮುಗಿದ ಮೇಲೆ ಆತುರದಲ್ಲಿ ಒಂದು ಚಿಕ್ಕ ಬೈಬಲ್ ಶಾಲೆಗೆ ಸೇರಿ ಒಂದು ವರ್ಷ ಓದಿದೆ. ಪಾಠ ಚೆನ್ನಾಗಿತ್ತು, ಪ್ರಾರ್ಥನೆ ಚೆನ್ನಾಗಿತ್ತು. ಆದರೆ ಅಲ್ಲಿನ ಪ್ರಮಾಣಪತ್ರಕ್ಕೆ ಯಾವ ಮಾನ್ಯತೆಯೂ ಇರಲಿಲ್ಲ. ಸೇರುವಾಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ನಿಮಗೆ ಆ ಗತಿ ಬರಬಾರದು ಅಂತಲೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಭಾರತದ ಬಹುಪಾಲು ಹಳೆಯ ಪ್ರೊಟೆಸ್ಟೆಂಟ್ ಸಭೆಗಳು ಒಪ್ಪುವ ಪದವಿ ಸೆರಾಂಪುರದ್ದು. ಕೋಲ್ಕತ್ತದ ಉತ್ತರಕ್ಕೆ ಹೂಗ್ಲಿ ನದಿಯ ದಡದಲ್ಲಿ ವಿಲಿಯಂ ಕೇರಿ, ಮಾರ್ಷ್‌ಮನ್, ವಾರ್ಡ್ ಸೇರಿ 1818ರಲ್ಲಿ ಕಟ್ಟಿದ ಕಾಲೇಜು ಅದು. ಆಗ ಆ ಊರು ಡೆನ್ಮಾರ್ಕಿನವರ ಕೈಯಲ್ಲಿತ್ತು. 1827ರಲ್ಲಿ ಡೆನ್ಮಾರ್ಕಿನ ರಾಜನ ಸನದಿನಿಂದ ಪದವಿ ಕೊಡುವ ಅಧಿಕಾರ ಸಿಕ್ಕಿತು. 1918ರ ಸೆರಾಂಪುರ ಕಾಲೇಜು ಕಾಯ್ದೆ ಅದನ್ನು ಗಟ್ಟಿ ಮಾಡಿತು. ಈಗ ದೇಶದ ತುಂಬ ಇರುವ ಹಲವಾರು ದೇವಶಾಸ್ತ್ರ ಕಾಲೇಜುಗಳು ಸೆರಾಂಪುರದ ಸೆನೆಟ್‌ಗೆ ಸೇರಿಕೊಂಡು, ಅದರ ಪಠ್ಯಕ್ರಮ ಕಲಿಸಿ, ಅದರ ಪದವಿಯನ್ನೇ ಕೊಡಿಸುತ್ತವೆ.

ಅಲ್ಲಿ ಮುಖ್ಯ ಪದವಿ ಬಿ.ಡಿ., ಬ್ಯಾಚುಲರ್ ಆಫ್ ಡಿವಿನಿಟಿ. ಹೆಸರಿನಲ್ಲಿ ಬ್ಯಾಚುಲರ್ ಅಂತಿದ್ದರೂ, ಹೆಚ್ಚಾಗಿ ಒಂದು ಪದವಿ ಮುಗಿಸಿದವರು ಅದರ ಮೇಲೆ ಮಾಡುವ ಓದು ಇದು. ಪದವೀಧರರಿಗೆ ಸಾಮಾನ್ಯವಾಗಿ ನಾಲ್ಕು ವರ್ಷ. ಪಿ.ಯು.ಸಿ. ಮುಗಿಸಿ ಬಂದವರಿಗೆ ಇನ್ನೊಂದು ವರ್ಷ ಜಾಸ್ತಿ. ನನ್ನನ್ನು ಕೇಳಿದರೆ, ಮೊದಲು ಯಾವುದಾದರೂ ಪದವಿ ಮುಗಿಸಿಯೇ ಹೋಗಿ. ಬಿ.ಕಾಂ. ಆದರೂ ಸರಿ, ಬಿ.ಎಸ್ಸಿ. ಆದರೂ ಸರಿ. ಮುಂದೆ ಸಭೆಯ ಶಾಲೆ, ಹಾಸ್ಟೆಲ್, ಲೆಕ್ಕಪತ್ರ ನೋಡುವಾಗ ಅದು ಉಪಯೋಗಕ್ಕೆ ಬರುತ್ತದೆ. ವಯಸ್ಸೂ ಸ್ವಲ್ಪ ಮಾಗಿರುತ್ತದೆ.

ಬಿ.ಡಿ. ಆದ ಮೇಲೆ ಎಂ.ಟಿಎಚ್. (ಮಾಸ್ಟರ್ ಆಫ್ ಥಿಯಾಲಜಿ), ಎರಡು ವರ್ಷ. ಇಲ್ಲಿ ಒಂದೇ ವಿಷಯ ಹಿಡಿಯಬೇಕು: ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಕ್ರೈಸ್ತ ದೇವಶಾಸ್ತ್ರ, ಸಭೆಯ ಚರಿತ್ರೆ, ಧರ್ಮಗಳ ಅಧ್ಯಯನ, ನೀತಿಶಾಸ್ತ್ರ, ಆಪ್ತಸಲಹೆ, ಹೀಗೆ. ಅದರ ಮೇಲೆ ಡಾಕ್ಟರೇಟ್.

ಇನ್ನೊಂದು ಗುಂಪು ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್‌ನ ಮಾನ್ಯತೆ ಪಡೆದ ಕಾಲೇಜುಗಳದ್ದು. ಇವುಗಳಲ್ಲಿ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ಅನ್ನುವ ಪದವಿ ಸಾಮಾನ್ಯ, ಪದವೀಧರರಿಗೆ ಮೂರು ವರ್ಷ. ಸುವಾರ್ತಾ (ಇವ್ಯಾಂಜೆಲಿಕಲ್) ಸಭೆಗಳು, ಪೆಂತೆಕೋಸ್ತ ಸಭೆಗಳು, ಸ್ವತಂತ್ರ ಸಭೆಗಳಿಂದ ಬರುವವರು ಹೆಚ್ಚಾಗಿ ಇಲ್ಲಿ ಓದುತ್ತಾರೆ. ಎರಡೂ ಕಡೆ ಒಳ್ಳೆಯ ಗುರುಗಳಿದ್ದಾರೆ. ಆದರೆ ಈ ಕಡೆಯ ಪದವಿಯಿಂದ ಆ ಕಡೆಯ ಉನ್ನತ ಪದವಿಗೆ ನೇರವಾಗಿ ದಾಟುವುದು ಯಾವಾಗಲೂ ಸುಲಭವಲ್ಲ. ಮುಂದೆ ಎಲ್ಲಿ ಓದುವ ಆಸೆ ಇದೆಯೋ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ದೇವಶಾಸ್ತ್ರದ ಪದವಿ ಹಿಡಿದು ಸಾಮಾನ್ಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಅಥವಾ ಪಿಎಚ್.ಡಿ. ಮಾಡುವ ಆಲೋಚನೆ ಇದ್ದರೆ ಆ ವಿಶ್ವವಿದ್ಯಾಲಯಕ್ಕೆ ಮುಂಚೆಯೇ ಪತ್ರ ಬರೆದು, ಉತ್ತರವನ್ನು ಲಿಖಿತವಾಗಿ ತರಿಸಿಕೊಳ್ಳಿ. ಬಾಯಿ ಮಾತಿನ "ಆಗುತ್ತೆ ಬನ್ನಿ" ಲೆಕ್ಕಕ್ಕಿಲ್ಲ. ಮೊದಲು ಒಂದು ಸಾಮಾನ್ಯ ಪದವಿ ಮುಗಿಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಮೂರನೇ ಹೆಜ್ಜೆ: ಈಗ ಕಾಲೇಜು

ಕನ್ನಡದವರಿಗೆ ಅದೃಷ್ಟ ಇದೆ. ದೇವಶಾಸ್ತ್ರ ಓದಲು ಇಷ್ಟು ಜಾಗಗಳು ಹತ್ತಿರದಲ್ಲೇ ಇರುವ ರಾಜ್ಯಗಳು ಕಡಿಮೆ.

ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ. ಈಗಿನ ರೂಪ 1965ರದ್ದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಸೆಮಿನರಿ, ತುಮಕೂರಿನಲ್ಲಿದ್ದ ಸೆಮಿನರಿ, ಎರಡೂ ಕೂಡಿ ಇದಾಯಿತು. ಬಾಸೆಲ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರತಂದ ಹರ್ಮನ್ ಮೊಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್, ಇವರೆಲ್ಲ ಆ ಮಿಷನ್ನಿನವರೇ. ಕಾಲೇಜಿನ ದಾಖಲೆ ಸಂಗ್ರಹದಲ್ಲಿ ಆ ಕಾಲದ ಕಾಗದಗಳಿವೆ. ಕನ್ನಡ ಸಭೆಗಳಲ್ಲಿ ಸೇವೆ ಮಾಡುವ ನಿರ್ಧಾರ ಆಗಿದ್ದರೆ ನಾನು ಮೊದಲು ಹೇಳುವ ಹೆಸರು ಇದೇ. ಸುತ್ತ ಕನ್ನಡ, ತುಳು, ಕೊಂಕಣಿ ಕಿವಿಗೆ ಬೀಳುತ್ತಿರುವಾಗ ದೇವಶಾಸ್ತ್ರ ಕಲಿಯುವುದಕ್ಕೆ ಬೇರೆಯೇ ಬೆಲೆ ಇದೆ.

ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಎಲ್ಲರೂ ಯು.ಟಿ.ಸಿ. ಅನ್ನುತ್ತಾರೆ. 1910ರಲ್ಲಿ ಶುರುವಾಯಿತು. ಬೇರೆ ಬೇರೆ ಮಿಷನ್ನುಗಳು ಜಗಳ ಬಿಟ್ಟು ಒಟ್ಟಿಗೆ ಕಲಿಸೋಣ ಅಂತ ಕಟ್ಟಿದ್ದು. ಅದೇ ಒಗ್ಗಟ್ಟಿನ ಹಂಬಲದಿಂದ 1947ರ ಸೆಪ್ಟೆಂಬರ್ 27ರಂದು ಚೆನ್ನೈಯಲ್ಲಿ ಸಿ.ಎಸ್.ಐ. ಹುಟ್ಟಿತು. ಎಂ.ಟಿಎಚ್., ಡಾಕ್ಟರೇಟ್ ಮಾಡುವವರಿಗೆ ಯು.ಟಿ.ಸಿ.ಯ ಗ್ರಂಥಾಲಯ ದೊಡ್ಡ ಆಸ್ತಿ. ನಾಗಾಲ್ಯಾಂಡ್‌ನಿಂದ ಕೇರಳದವರೆಗೆ ಎಲ್ಲ ಕಡೆಯ ವಿದ್ಯಾರ್ಥಿಗಳು ಇರುತ್ತಾರೆ. ದಲಿತ ದೇವಶಾಸ್ತ್ರ, ಅಂದರೆ ದಲಿತರ ಬದುಕಿನ ಅನುಭವದಿಂದ ಹೊರಡುವ ಚಿಂತನೆ, ಬೆಳೆದದ್ದರಲ್ಲಿ ಈ ಕಾಲೇಜಿಗೆ ಪಾಲಿದೆ. 1980ರ ದಶಕದ ಆರಂಭದಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಅದರ ಮೊದಲ ಮಾತುಗಳನ್ನು ಇಲ್ಲಿಯೇ ಆಡಿದರು. ನಮ್ಮ ಸಭೆಗಳಲ್ಲಿ ಕೂತಿರುವವರಲ್ಲಿ ಎಷ್ಟು ಮನೆಗಳು ದಲಿತರದ್ದು ಅನ್ನುವುದು ಗೊತ್ತಿದ್ದರೆ, ಇದನ್ನು ಓದದೆ ಪೀಠಕ್ಕೆ ಹತ್ತಬಾರದು ಅನ್ನಿಸುತ್ತದೆ.

ಬೆಂಗಳೂರಿನ ಕೊತ್ತನೂರಿನಲ್ಲಿ ಸೈಯಾಕ್ಸ್ ಎಂಬ ದೇವಶಾಸ್ತ್ರ ಸಂಸ್ಥೆ ಇದೆ. ಅಲ್ಲಿ ಉನ್ನತ ಪದವಿಗಳಷ್ಟೇ. ಸುವಾರ್ತಾ ಹಿನ್ನೆಲೆಯವರು ಜಾಸ್ತಿ.

ಕಥೋಲಿಕರಲ್ಲಿ ಯಾಜಕರಾಗುವವರ ಹಾದಿ ಉದ್ದ. ಧರ್ಮಪ್ರಾಂತ್ಯ ಅಥವಾ ಸನ್ಯಾಸ ಸಭೆ ಮೊದಲು ಸ್ವೀಕರಿಸಬೇಕು. ನಂತರ ತತ್ವಶಾಸ್ತ್ರ, ಆಮೇಲೆ ದೇವಶಾಸ್ತ್ರ, ನಡುವೆ ಸೇವಾನುಭವದ ಕಾಲ. ಮಂಗಳೂರಿನ ಜೆಪ್ಪುವಿನ ಸಂತ ಜೋಸೆಫರ ಸೆಮಿನರಿ 1879ರಿಂದ ನಡೆದುಬಂದಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಸಂತ ಪೇತ್ರರ ಸಂಸ್ಥೆ, ಅದೇ ನಗರದಲ್ಲಿ ಧರ್ಮಾರಾಮ್ ವಿದ್ಯಾ ಕ್ಷೇತ್ರ ಇವೆ. ಒಂದು ವಿಷಯ ಅನೇಕರಿಗೆ ಗೊತ್ತಿಲ್ಲ: ಯಾಜಕರಾಗದವರೂ, ಸನ್ಯಾಸಿನಿಯರೂ, ಗೃಹಸ್ಥರೂ ದೇವಶಾಸ್ತ್ರದ ಪದವಿ ಓದಬಹುದು. ದೇವಶಾಸ್ತ್ರದ ಮೊದಲ ಪದವಿ ಆದವರಿಗೆ ಲೈಸೆನ್ಶಿಯೇಟ್ ಎಂಬ ಎರಡು ವರ್ಷದ ಉನ್ನತ ಪದವಿ, ಅದರ ಮೇಲೆ ಡಾಕ್ಟರೇಟ್.

ಕೆಲಸ ಬಿಡಲು ಆಗದವರಿಗೆ, ದೀಕ್ಷೆಯ ಆಸೆ ಇಲ್ಲದವರಿಗೆ ಎರಡು ದಾರಿ. ಸೆರಾಂಪುರದ ಸೆನೆಟ್ ಮನೆಯಿಂದಲೇ ಓದುವ ಕ್ರೈಸ್ತ ಅಧ್ಯಯನದ ಡಿಪ್ಲೊಮಾ ಮತ್ತು ಪದವಿಗಳನ್ನು ನಡೆಸುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಅಧ್ಯಯನಕ್ಕೇ ಒಂದು ವಿಭಾಗ ಇದೆ. ಅಲ್ಲಿ ಓದಲು ಕ್ರೈಸ್ತರೇ ಆಗಿರಬೇಕು ಅಂತೇನಿಲ್ಲ. ಇತಿಹಾಸ, ಸಾಹಿತ್ಯ ಓದಿದವರಿಗೆ ಇದು ಒಳ್ಳೆಯ ಜಾಗ.

ನಾಲ್ಕನೇ ಹೆಜ್ಜೆ: ಅರ್ಜಿ ಹಾಕುವ ಮುಂಚಿನ ವರ್ಷ

ತರಗತಿಗಳು ಜೂನ್ ಆಸುಪಾಸಿನಲ್ಲಿ ಶುರುವಾಗುತ್ತವೆ. ಮೇ ತಿಂಗಳಲ್ಲಿ ಎಚ್ಚರಾದರೆ ಪ್ರಯೋಜನ ಇಲ್ಲ. ಹಿಂದಿನ ವರ್ಷದ ಕ್ರಿಸ್‌ಮಸ್‌ಗೆ ಮುಂಚೆಯೇ ಅರ್ಜಿ, ಪರೀಕ್ಷೆಯ ದಿನ, ಶುಲ್ಕ ಎಲ್ಲ ವಿಚಾರಿಸಿ.

ಕಾಗದಗಳ ಮಾತು ಬೇಗ ಮುಗಿಸುತ್ತೇನೆ. ದೀಕ್ಷಾಸ್ನಾನದ ಪ್ರಮಾಣಪತ್ರ, ದೃಢೀಕರಣದ (ಕನ್ಫರ್ಮೇಶನ್) ದಾಖಲೆ, ಅಂಕಪಟ್ಟಿಗಳು, ವೈದ್ಯಕೀಯ ಪತ್ರ, ಅಯ್ಯನವರ ಪತ್ರ, ಪ್ರಾಂತ್ಯದ ಪತ್ರ. ಹಳ್ಳಿ ಸಭೆಗಳಲ್ಲಿ ದೀಕ್ಷಾಸ್ನಾನದ ರಿಜಿಸ್ಟರ್‌ನಲ್ಲಿ ಹೆಸರು ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇರುವುದು ಸಾಮಾನ್ಯ. ಇದನ್ನು ಸರಿಪಡಿಸಲು ತಿಂಗಳುಗಟ್ಟಲೆ ಬೇಕಾಗುತ್ತದೆ. ಇವತ್ತೇ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಸತ್ಯವೇದವನ್ನು (ಬೈಬಲನ್ನು) ಆದಿಯಿಂದ ಅಂತ್ಯದವರೆಗೆ ಒಮ್ಮೆಯಾದರೂ ಓದಿ ಹೋಗಿ. ಪ್ರೊಟೆಸ್ಟೆಂಟ್ ಸತ್ಯವೇದದ 66 ಪುಸ್ತಕಗಳಲ್ಲಿ 1189 ಅಧ್ಯಾಯಗಳಿವೆ. ದಿನಕ್ಕೆ ನಾಲ್ಕು ಓದಿದರೆ ಹತ್ತು ತಿಂಗಳು ಸಾಕು. ಪ್ರವೇಶ ಪರೀಕ್ಷೆಯಲ್ಲಿ ಸತ್ಯವೇದದ ಪರಿಚಯ ಕೇಳಿಯೇ ಕೇಳುತ್ತಾರೆ. ಆದರೆ ನಾನು ಹೇಳುವುದು ಪರೀಕ್ಷೆಗಾಗಿ ಅಲ್ಲ. ಸೆಮಿನರಿಗೆ ಹೋದ ಮೇಲೆ ಸತ್ಯವೇದದ ಬಗ್ಗೆ ಬರೆದದ್ದನ್ನು ಓದುವುದರಲ್ಲೇ ಸಮಯ ಹೋಗುತ್ತದೆ. ಕಥೆ ಮೊದಲೇ ಎದೆಯಲ್ಲಿ ಇದ್ದರೆ ಆ ಪುಸ್ತಕಗಳು ಅರ್ಥ ಆಗುತ್ತವೆ.

ಇಂಗ್ಲಿಷ್ ಬಗ್ಗೆ ಹೆದರುವವರು ಬಹಳ. ಬಿ.ಡಿ. ಪುಸ್ತಕಗಳು ಹೆಚ್ಚುಕಡಿಮೆ ಎಲ್ಲ ಇಂಗ್ಲಿಷಿನಲ್ಲೇ ಇವೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಆರು ತಿಂಗಳು ಕಷ್ಟ, ಇದನ್ನು ಮುಚ್ಚಿಡುವುದಿಲ್ಲ. ದಿನಕ್ಕೆ ಎರಡು ಪುಟ ಓದಿ, ಅದರ ಸಾರವನ್ನು ಕನ್ನಡದಲ್ಲಿ ಐದು ಸಾಲು ಬರೆಯಿರಿ. ಒಂದು ವರ್ಷ ಹೀಗೆ ಮಾಡಿದರೆ ಇಂಗ್ಲಿಷ್ ಓದೂ ಬರುತ್ತದೆ, ಕನ್ನಡ ಬರಹವೂ ಬರುತ್ತದೆ. ಎರಡನೆಯದು ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಸಂದರ್ಶನದಲ್ಲಿ "ಯಾಕೆ ಬಂದಿರಿ" ಎಂದು ಕೇಳುತ್ತಾರೆ. ಬಾಯಿಪಾಠದ ಸಾಕ್ಷಿ ಹೇಳಬೇಡಿ. ಕೇಳುವವರು ನೂರಾರು ಕೇಳಿರುತ್ತಾರೆ. ಒಬ್ಬ ಹುಡುಗಿ, "ನಮ್ಮೂರಲ್ಲಿ ಹೆಂಗಸರು ಅಯ್ಯನವರ ಹತ್ರ ಹೇಳಲು ಆಗದ ಕಷ್ಟಗಳನ್ನು ನನ್ನ ಹತ್ರ ಹೇಳ್ತಾರೆ. ನನಗೆ ಉತ್ತರ ಗೊತ್ತಿಲ್ಲ. ಅದಕ್ಕೆ ಬಂದೆ" ಅಂದಳಂತೆ. ಇಷ್ಟು ನಿಜವಾದ ಕಾರಣ ನಾನು ಬೇರೆ ಕೇಳಿಲ್ಲ.

ಹೆಣ್ಣುಮಕ್ಕಳಿಗೆ ಎರಡು ಮಾತು. ಸಿ.ಎಸ್.ಐ. 1976ರಿಂದ ಹೆಂಗಸರಿಗೆ ದೀಕ್ಷೆ ಕೊಡುತ್ತಿದೆ. 2013ರಲ್ಲಿ ಪುಷ್ಪಲಲಿತ ನಂದ್ಯಾಲದ ಬಿಷಪ್ ಆದರು, ಸಿ.ಎಸ್.ಐ.ಯ ಮೊದಲ ಮಹಿಳಾ ಬಿಷಪ್. ನಿಯಮದಲ್ಲಿ ಬಾಗಿಲು ತೆರೆದಿದೆ. ಸಭೆಯ ಮನಸ್ಸಿನಲ್ಲಿ ಎಲ್ಲ ಕಡೆ ತೆರೆದಿಲ್ಲ. ನಿಮ್ಮ ಪ್ರಾಂತ್ಯದಲ್ಲಿ ಈಗ ಸೇವೆಯಲ್ಲಿರುವ ಒಬ್ಬ ಸಭಾಪಾಲಕಿಯನ್ನು ಹುಡುಕಿ ಅವರ ಜೊತೆ ಒಂದು ದಿನ ಕಳೆಯಿರಿ. ಯಾವ ಕೈಪಿಡಿಯಲ್ಲೂ ಇಲ್ಲದ್ದನ್ನು ಅವರು ಹೇಳುತ್ತಾರೆ.

ಹಣದ ವಿಷಯ ನಾಚಿಕೆ ಇಲ್ಲದೆ ಮಾತಾಡಿ. ಪ್ರಾಂತ್ಯ ಎಷ್ಟು ಕೊಡುತ್ತದೆ, ಊಟ, ಪುಸ್ತಕ, ಪ್ರಯಾಣ ಯಾರದ್ದು, ಮದುವೆಯಾಗಿದ್ದರೆ ಮನೆ ಸಿಗುತ್ತದೆಯೇ? ಕುಟುಂಬಕ್ಕೆ ಕೊಡುವ ಮನೆಗಳು ಕಾಲೇಜುಗಳಲ್ಲಿ ಕೆಲವೇ ಇರುತ್ತವೆ. ನಿಮ್ಮ ಹೆಂಡತಿ ಅಥವಾ ಗಂಡ ಈ ಮಾತುಕತೆಯಲ್ಲಿ ಮೊದಲ ದಿನದಿಂದ ಕೂತಿರಬೇಕು. ಕರೆ ಒಬ್ಬರಿಗೆ ಬಂದರೂ ಬಾಡಿಗೆ ಇಬ್ಬರೂ ಕಟ್ಟಬೇಕು, ಅಲ್ವಾ?

ಐದನೇ ಹೆಜ್ಜೆ: ಓದುವ ವರ್ಷಗಳನ್ನು ಹಿಡಿದು ನಿಲ್ಲುವುದು

ಮೊದಲ ವರ್ಷ ಭಾಷೆಗಳು ಬೆಚ್ಚಿ ಬೀಳಿಸುತ್ತವೆ. ಹೀಬ್ರೂ ಬಲದಿಂದ ಎಡಕ್ಕೆ ಓದಬೇಕು, 22 ಅಕ್ಷರ. ಗ್ರೀಕ್ 24. ಕನ್ನಡದವರಿಗೆ ಗ್ರೀಕಿನಲ್ಲಿ ಒಂದು ಅನುಕೂಲ ಇದೆ. ಗ್ರೀಕ್ ನಾಮಪದಗಳಿಗೆ ವಿಭಕ್ತಿಗಳಿವೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಅದು ಏನೆಂದೇ ತಲೆಗೆ ಹೋಗುವುದಿಲ್ಲ. ನಮಗೆ ಹೈಸ್ಕೂಲಿನಲ್ಲೇ ಪ್ರಥಮಾ, ದ್ವಿತೀಯಾ, ಷಷ್ಠೀ ಬಾಯಿಪಾಠ ಆಗಿದೆ. "ರಾಮನನ್ನು", "ರಾಮನಿಗೆ", "ರಾಮನ" ಎಂದು ಪದದ ಬಾಲ ಬದಲಾಯಿಸುವುದು ನಮ್ಮ ನಾಲಿಗೆಗೆ ಹೊಸದಲ್ಲ. ಆ ಪಟ್ಟಿಯ ಪಕ್ಕದಲ್ಲಿ ಗ್ರೀಕ್ ಪಟ್ಟಿ ಬರೆದುಕೊಳ್ಳಿ.

ಭಾಷೆ ಕಲಿತಂತೆ ನಮ್ಮ ಸತ್ಯವೇದದ ಪದಗಳು ಹೊಳೆಯಲು ಶುರುವಾಗುತ್ತವೆ. ಗ್ರೀಕಿನ ಎಕ್ಲೇಸಿಯ ಎಂದರೆ ಕೂಡಿಬಂದ ಜನ. ಕಟ್ಟಡಕ್ಕೆ ಆ ಹೆಸರಲ್ಲ. ನಮ್ಮ ಹಿರಿಯರು ಅದಕ್ಕೆ "ಸಭೆ" ಎಂಬ ಪದ ಇಟ್ಟರು, ಎಷ್ಟು ಸರಿಯಾಗಿದೆ ನೋಡಿ. ಮೆಟನೋಯ ಎಂಬುದಕ್ಕೆ "ಮಾನಸಾಂತರ", ಮನಸ್ಸು ಬೇರೆಯಾಗುವುದು. ಹೀಬ್ರೂವಿನ ಹೆಸೆದ್ ಎಂಬ ಪದ 136ನೇ ಕೀರ್ತನೆಯಲ್ಲಿ 26 ಸಲ ಬರುತ್ತದೆ. ಕೊಟ್ಟ ಮಾತಿಗೆ ತಪ್ಪದ ಪ್ರೀತಿ ಅಂತ ಅರ್ಥ. ನಾವು ಅದನ್ನು "ಕೃಪೆ" ಎಂದು ಹಾಡುತ್ತೇವೆ. ಈ ಪದಕ್ಕೆ ಕನ್ನಡದಲ್ಲಿ ಬೇರೆ ಮನೆಗಳೂ ಇವೆ, ಶರಣರೂ ದಾಸರೂ ಅದನ್ನು ಬಳಸಿದ್ದಾರೆ. ಹಾಗಾದರೆ ನಮ್ಮ ಸಭೆಯಲ್ಲಿ "ಕೃಪೆ" ಎಂದಾಗ ಕೇಳುವವರ ಕಿವಿಗೆ ಏನು ಬೀಳುತ್ತದೆ? ಇಂಥ ಒಂದೊಂದು ಪ್ರಶ್ನೆಗೂ ಒಂದು ನೋಟ್‌ಬುಕ್ ಇಡಿ. ನನ್ನ ಎಂ.ಟಿಎಚ್. ವಿಷಯ ಅಂಥ ಒಂದು ನೋಟ್‌ಬುಕ್‌ನಿಂದಲೇ ಬಂತು.

ಪ್ರೊಟೆಸ್ಟೆಂಟರೂ ಕಥೋಲಿಕರೂ ಕನ್ನಡದಲ್ಲಿ ಬೇರೆ ಬೇರೆ ಪದ ಬಳಸುತ್ತೇವೆ. ನಾವು ಸುವಾರ್ತೆ, ಅವರು ಶುಭಸಂದೇಶ. ನಾವು ನಂಬಿಕೆ, ಅವರು ವಿಶ್ವಾಸ. ನಾವು ದೇವರ ರಾಜ್ಯ, ಅವರು ದೇವರ ಸಾಮ್ರಾಜ್ಯ. ನಾವು ಯೆಹೋವ ಎಂದು ಓದುವ ಕಡೆ ಅವರು ಸರ್ವೇಶ್ವರ ಎಂದು ಓದುತ್ತಾರೆ. ಎರಡೂ ಭಾಷಾಂತರಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಎರಡು ಕನ್ನಡಗಳ ನಡುವೆ ಎಷ್ಟೋ ದೇವಶಾಸ್ತ್ರ ಅಡಗಿದೆ.

ಇನ್ನು ಎರಡನೇ ವರ್ಷ. ಇದರ ಬಗ್ಗೆ ಯಾರೂ ಮುಂಚೆ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಸತ್ಯವೇದವನ್ನು ಚರಿತ್ರೆಯ ಕಣ್ಣಿನಿಂದ ಓದಲು ಕಲಿಸುತ್ತಾರೆ. ಆದಿಕಾಂಡದ ಮೊದಲ ಎರಡು ಅಧ್ಯಾಯಗಳಲ್ಲಿ ಸೃಷ್ಟಿಯ ಎರಡು ಕಥೆಗಳಿವೆ, ಕ್ರಮವೂ ಬೇರೆ ಬೇರೆ. ಯೆಶಾಯನ ಪುಸ್ತಕ ಒಬ್ಬರ ಕೈಯದ್ದಲ್ಲ ಎಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಮೋಶೆಯ ಐದು ಪುಸ್ತಕಗಳು ಹಲವು ಕಾಲದ ಹಲವು ಎಳೆಗಳಿಂದ ನೇಯ್ದವು ಎನ್ನುತ್ತಾರೆ. ಭಾನುವಾರ ಶಾಲೆಯಲ್ಲಿ ಕಲಿತದ್ದು ಕಾಲ ಕೆಳಗಿನ ಮಣ್ಣಿನಂತೆ ಸರಿಯತೊಡಗುತ್ತದೆ. ನನಗೆ ಮೂರು ತಿಂಗಳು ಪ್ರಾರ್ಥನೆ ಮಾಡಲು ಆಗಲಿಲ್ಲ. ತಪ್ಪಿತಸ್ಥನಂತೆ ಚಾಪೆಲ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದೆ.

ಆಗ ಮಾಡಬೇಕಾದ್ದು ಇಷ್ಟು. ಒಬ್ಬ ಗುರುವಿನ ಬಳಿ ಹೋಗಿ ನೇರವಾಗಿ ಹೇಳಿ. ಎಲ್ಲ ಸೆಮಿನರಿಗಳಲ್ಲೂ ಈ ದಾರಿಯಲ್ಲಿ ನಡೆದು ಬಂದ ಗುರುಗಳಿದ್ದಾರೆ. ಆರಾಧನೆ ಬಿಡಬೇಡಿ. ನಿಮ್ಮ ಬಾಯಿಂದ ಪ್ರಾರ್ಥನೆ ಬರದಿದ್ದಾಗ ಬೇರೆಯವರ ಪ್ರಾರ್ಥನೆಯೊಳಗೆ ಸುಮ್ನೆ ಕೂತಿರಿ. ವಾರಾಂತ್ಯದ ಸಭಾ ಸೇವೆಯನ್ನಂತೂ ಬಿಡಲೇಬೇಡಿ. ನನ್ನನ್ನು ಮರಳಿ ತಂದದ್ದು ಪುಸ್ತಕವಲ್ಲ. ವಾರಾಂತ್ಯಕ್ಕೆ ನನಗೆ ಕೊಟ್ಟ ಸಭೆಯಲ್ಲಿ ಕ್ಯಾನ್ಸರ್ ಆದ ಒಬ್ಬರು ಹಾಸಿಗೆಯಲ್ಲೇ 23ನೇ ಕೀರ್ತನೆ ಓದಿಸಿಕೊಂಡರು. ಅದನ್ನು ಯಾರು ಯಾವಾಗ ಬರೆದರು ಎಂಬ ಪ್ರಶ್ನೆ ಆ ಕೋಣೆಯಲ್ಲಿ ಸುಳ್ಳಾಗಲಿಲ್ಲ, ಆದರೆ ಅದೊಂದೇ ಪ್ರಶ್ನೆ ಅಲ್ಲ ಎಂದು ಗೊತ್ತಾಯಿತು.

ರೋಗಿಗಳ ಜೊತೆ ಕೂರುವುದನ್ನು ಶಿಸ್ತಾಗಿ ಕಲಿಯಬೇಕೆಂದರೆ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ ಅದಕ್ಕೇ ತರಬೇತಿ ಇದೆ. ರಜೆಯಲ್ಲಿ ಹೋಗಿ ಬನ್ನಿ. ಏನು ಮಾತಾಡಬಾರದು ಎನ್ನುವುದನ್ನು ಕಲಿಯಲು ಅಷ್ಟು ಒಳ್ಳೆಯ ಜಾಗ ಇನ್ನೊಂದು ನಾನು ನೋಡಿಲ್ಲ.

ಆರನೇ ಹೆಜ್ಜೆ: ಎಂ.ಟಿಎಚ್.ಗೆ ವಿಷಯ ಹುಡುಕುವಾಗ

ಬಿ.ಡಿ. ಆದ ಕೂಡಲೇ ಎಂ.ಟಿಎಚ್.ಗೆ ಓಡಬೇಡಿ. ಎರಡು ಮೂರು ವರ್ಷ ಸಭೆಯಲ್ಲಿ ಇದ್ದು ಬನ್ನಿ. ಸಭೆ ನಿಮಗೆ ಪ್ರಶ್ನೆ ಕೊಡುತ್ತದೆ. ಪ್ರಶ್ನೆ ಇಲ್ಲದೆ ಬಂದವರು ಗುರುವಿನ ಪ್ರಶ್ನೆಗೆ ಉತ್ತರ ಬರೆದು ಹೋಗುತ್ತಾರೆ, ಅಷ್ಟೇ.

ಕನ್ನಡದಲ್ಲಿ ಯಾರೂ ಸರಿಯಾಗಿ ಮುಟ್ಟದ ವಿಷಯಗಳು ಗುಡ್ಡೆ ಬಿದ್ದಿವೆ. ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಲು ಹೊರಟ ಕಿಟೆಲ್ ಏನು ಉಳಿಸಿಕೊಂಡರು, ಏನು ಬಿಟ್ಟರು? ದಾಸೋಹಕ್ಕೂ, ನಾವು ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೂ ಏನು ಮಾತುಕತೆ ಸಾಧ್ಯ? 19ನೇ ಶತಮಾನದಲ್ಲಿ ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮಾಡಿದ ಸತ್ಯವೇದದ ಭಾಷಾಂತರದ ಪದಗಳಲ್ಲಿ ಯಾವುವು ಇಂದಿಗೂ ಉಳಿದಿವೆ? ಹಂಚಿನ ಕಾರ್ಖಾನೆಗಳಲ್ಲಿ ದುಡಿದ ಬಾಸೆಲ್ ಮಿಷನ್ನಿನ ಕ್ರೈಸ್ತರು ಕೆಲಸ ಮತ್ತು ಭಕ್ತಿಯನ್ನು ಹೇಗೆ ಜೋಡಿಸಿಕೊಂಡರು? ಕೊನೆಯ ಪ್ರಶ್ನೆಗೆ ಮಂಗಳೂರಿನ ದಾಖಲೆಗಳ ಜೊತೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ದಾಖಲೆ ಸಂಗ್ರಹವೂ ಬೇಕು. ಅಲ್ಲಿನ ಹಳೆಯ ಪತ್ರಗಳು ಜರ್ಮನ್ ಕೈಬರಹದಲ್ಲಿವೆ. ಆ ದಾರಿ ಹಿಡಿಯುವ ಮನಸ್ಸಿದ್ದರೆ ಬಿ.ಡಿ.ಯಲ್ಲಿರುವಾಗಲೇ ಜರ್ಮನ್ ಕಲಿಯಲು ಶುರು ಮಾಡಿ.

ವಿದೇಶಕ್ಕೆ ಹೋಗುವುದು ಹೆಮ್ಮೆಯ ಮಾತಾಗಿದೆ. ನನ್ನ ಅಭಿಪ್ರಾಯ ಸರಳ. ನಿಮ್ಮ ವಿಷಯಕ್ಕೆ ಬೇಕಾದ ಗುರು ಅಥವಾ ಕಾಗದ ಅಲ್ಲಿದ್ದರೆ ಹೋಗಿ. ಇಲ್ಲದಿದ್ದರೆ ಬೇಡ. ಸಾಲ ಮಾಡಿಯಂತೂ ಬೇಡವೇ ಬೇಡ. ಸಭಾಪಾಲಕರ ಸಂಬಳದಲ್ಲಿ ಆ ಸಾಲ ತೀರುವುದಿಲ್ಲ. ಸಾಲ ತೀರಿಸಲು ಅಲ್ಲೇ ಉಳಿದವರು ನನಗೆ ಗೊತ್ತು, ಮರಳಬೇಕೆಂಬ ಆಸೆ ಅವರಿಗೆ ಈಗಲೂ ಇದೆ.

ಏಳನೇ ಹೆಜ್ಜೆ: ಮರಳಿ ಕನ್ನಡಕ್ಕೆ

ಬಿ.ಡಿ. ಮುಗಿಸಿ ಬಂದ ಮೊದಲ ತಿಂಗಳು ಒಂದು ಹಳ್ಳಿ ಸಭೆಯಲ್ಲಿ ನನ್ನ ಪ್ರಸಂಗ ಇತ್ತು. ರೋಮಾಪುರದವರಿಗೆ ಬರೆದ ಪತ್ರದಿಂದ. ಚೆನ್ನಾಗಿ ತಯಾರಾಗಿದ್ದೆ. ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಯೋಚಿಸಿದ್ದನ್ನು ದೊಡ್ಡ ದೊಡ್ಡ ಸಂಸ್ಕೃತ ಪದಗಳಿಗೆ ತಿರುಗಿಸಿ ಹೇಳಿದೆ. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಒಬ್ಬ ಹಿರಿಯ ತಾಯಿ ಕೈ ಹಿಡಿದು, "ಅಯ್ಯಾ, ಬಹಳ ಓದಿ ಬಂದಿದ್ದೀರಿ, ಸಂತೋಷ. ನನ್ನ ಮಗನಿಗೂ ಕ್ಷಮೆ ಸಿಗುತ್ತೆ ಅಂತ ಹೇಳಿದ್ರಾ, ಇಲ್ವಾ?" ಎಂದು ಕೇಳಿದರು. ಇಡೀ ಪ್ರಸಂಗ ಅದರ ಬಗ್ಗೆಯೇ ಇತ್ತು. ಅವರಿಗೆ ತಲುಪಿರಲಿಲ್ಲ. ಅವತ್ತು ಸಂಜೆ ಅವರ ಮನೆಗೆ ಹೋಗಿ, ಒಲೆಯ ಪಕ್ಕ ಕೂತು, ಅದೇ ಮಾತನ್ನು ಮತ್ತೆ ಹೇಳಿದೆ. ಹತ್ತು ನಿಮಿಷ ಸಾಕಾಯಿತು.

ಅದಕ್ಕೇ ಓದುವ ವರ್ಷಗಳಲ್ಲೇ ಒಂದು ಅಭ್ಯಾಸ ಇಟ್ಟುಕೊಳ್ಳಿ. ಪ್ರತಿ ವಾರ ತರಗತಿಯಲ್ಲಿ ಕಲಿತ ಒಂದು ವಿಷಯವನ್ನು ನಿಮ್ಮ ತಾಯಿಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಪುಟ ಬರೆಯಿರಿ. ತ್ರಿಯೇಕತ್ವ, ನೀತಿವಂತರೆಂಬ ನಿರ್ಣಯ, ಪುನರುತ್ಥಾನ, ಯಾವುದಾದರೂ ಸರಿ. ಬರೆದದ್ದನ್ನು ಫೋನಿನಲ್ಲಿ ಓದಿ ಹೇಳಿ. ಎಲ್ಲಿ ಅವರು "ಹ್ಞಾಂ?" ಅನ್ನುತ್ತಾರೋ ಆ ಸಾಲನ್ನು ತಿದ್ದಿ. ನಾಲ್ಕು ವರ್ಷದಲ್ಲಿ ನೂರೈವತ್ತಕ್ಕೂ ಜಾಸ್ತಿ ಪುಟ ಆಗುತ್ತದೆ. ಪದವಿಪತ್ರದ ಜೊತೆ ಆ ಕಟ್ಟನ್ನೂ ಊರಿಗೆ ತನ್ನಿ. ಮೊದಲ ಎರಡು ವರ್ಷದ ಪ್ರಸಂಗಗಳು ಅದರಿಂದಲೇ ಬರುತ್ತವೆ.

ಓದು ಮುಗಿದ ಮೇಲೆ ಪ್ರಾಂತ್ಯ ಸಾಮಾನ್ಯವಾಗಿ ನಿಮ್ಮನ್ನು ಒಂದು ಸಭೆಗೆ ಪರೀಕ್ಷಾರ್ಥ ಕಾಲಕ್ಕೆ ಹಾಕುತ್ತದೆ. ಆಮೇಲೆ ಮೊದಲ ದೀಕ್ಷೆ, ನಂತರ ಸಭಾಪಾಲಕ ದೀಕ್ಷೆ. ದೂರದ ಹಳ್ಳಿಗೆ ಹಾಕಿದರೆ ಬೇಸರ ಮಾಡಿಕೊಳ್ಳಬೇಡಿ. ಮೊದಲ ತಿಂಗಳಲ್ಲಿ ಎಲ್ಲ ಮನೆಗಳಿಗೂ ಒಮ್ಮೆ ಹೋಗಿ ಬನ್ನಿ. ಬೈಕ್ ಬೇಡ, ಆದಷ್ಟು ನಡೆದೇ ಹೋಗಿ. ನೋಟ್‌ಬುಕ್ ಜೇಬಿನಲ್ಲಿರಲಿ, ಆದರೆ ಮನೆಯೊಳಗೆ ತೆಗೆಯಬೇಡಿ. ಹೆಸರುಗಳನ್ನು ದಾರಿಯಲ್ಲಿ ಬರೆದುಕೊಳ್ಳಿ.

ಇಷ್ಟು ಓದಿದ ಮೇಲೂ ಹೋಗಬೇಕು ಅನ್ನಿಸುತ್ತಿದ್ದರೆ, ಈ ಭಾನುವಾರ ಆರಾಧನೆ ಮುಗಿದ ಮೇಲೆ ಸ್ವಲ್ಪ ಹೊತ್ತು ಉಳಿದುಕೊಳ್ಳಿ. ಜನ ಎಲ್ಲ ಹೋದ ನಂತರ ಅಯ್ಯನವರ ಜೊತೆ ಕುರ್ಚಿ ಜೋಡಿಸುತ್ತಾ ಮಾತು ತೆಗೆಯಿರಿ.